ಉಯ್ಯಾಲೆಯಿಂದ ಕಾಣುವ ಬೀರು

ಅಗ್ರಹಾರ, ಮೈಸೂರು
16 ಜೂನ್ 2024

ಗಗನ,

ಹೆಸರು ನೋಡಿದ ಕೂಡಲೇ ಹರಿದು ಬಿಸಾಕಬೇಡ. ಹಾಗೆ ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಾನು ತನ್ಮಯಿ, ಅಗ್ರಹಾರದ ಗೋವಿಂದರಾಜು ಅವರ ಮಗಳು. ಹದಿನೆಂಟು ವರ್ಷದ ಹಿಂದೆ ನಿಮ್ಮಮ್ಮ ಪುಟ್ಟಲಿಂಗಮ್ಮ ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದಾಗ, ನೀನು ಶಾಲೆ ಬಿಟ್ಟ ಮೇಲೆ ವಿದ್ಯಾರಣ್ಯಪುರಂನಿಂದ ನಡೆದುಕೊಂಡು ಬಂದು ನಮ್ಮ ಹಿತ್ತಲಲ್ಲಿ ನನ್ನ ಜೊತೆ ಚೌಕಾಬಾರ ಆಡುತ್ತಿದ್ದೆ. ಒಂದು ಸಲವೂ ನನ್ನನ್ನು ಗೆಲ್ಲೋಕೆ ಬಿಟ್ಟವಳಲ್ಲ.

ನಿನ್ನ ಸುಳಿವು ಸಿಕ್ಕಿದ್ದು ಒಂದು ನಕ್ಷೆಯಿಂದ. ನಮ್ಮ ಆಫೀಸಿಗೆ ಕಡಕೊಳದ ಕಾರ್ಖಾನೆಯಿಂದ ಮೇಜುಗಳು ಬಂದವು. ಜೊತೆಗಿದ್ದ ನಕ್ಷೆಯ ಮೂಲೆಯಲ್ಲಿ 'ಗಗನ ಜೆ.' ಅಂತ ಸಹಿ ಇತ್ತು. ಯಾರು ಅಂತ ಮೇಜು ತಂದವರನ್ನು ಕೇಳಿದೆ. 'ಸ್ಕೂಲಲ್ಲಿ ಅಡುಗೆ ಮಾಡ್ತಾರಲ್ಲ ಪುಟ್ಟಲಿಂಗಮ್ಮ, ಅವರ ಮಗಳು ಕಣ್ರೀ' ಅಂದರು. ಅವತ್ತಿನಿಂದ ನಾನು ಕೂತಲ್ಲಿ ಕೂರುತ್ತಿಲ್ಲ.

ನಾನಿರುವುದು ಮಕ್ಕಳ ಕಾರ್ಟೂನ್ ಮಾಡುವ ಒಂದು ಸಣ್ಣ ಸ್ಟುಡಿಯೋದಲ್ಲಿ. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ನಾಲ್ಕು ಸಲ ಬರೆದು, ಅಪ್ಪನ ಮುಖ ಊದಿಸಿ ಇಲ್ಲಿಗೆ ಬಂದೆ. ಓಡಾಡುವ ಪಾತ್ರಗಳನ್ನು ಬೇರೆಯವರು ಬರೆಯುತ್ತಾರೆ. ಅವುಗಳ ಹಿಂದಿನ ಮನೆ, ಬೀದಿ, ಅಡುಗೆಮನೆ ನನ್ನ ಪಾಲು. ಮೂರು ತಿಂಗಳು ಕಲಿಕೆ, ಪಾಸಾದರೆ ಕೆಲಸ. ನನ್ನ ಕೋಣೆಗಳಲ್ಲಿ ಮಂಚ ಜಾರುತ್ತದೆ, ಮೇಜು ತೇಲುತ್ತದೆ. ಕಲಿಸುವ ಮಹದೇವಸ್ವಾಮಿ ಸರ್ ಕೆಂಪು ಪೆನ್ಸಿಲ್ ಹಿಡಿದು, 'ಮೇಜನ್ನ ಕೂತು ನೋಡಿದ್ದೀಯ, ಕಿಟಕೀನ ನಿಂತು ನೋಡಿದ್ದೀಯ, ಮಂಚಾನ ಅಟ್ಟದ ಮೇಲಿಂದ ನೋಡಿದ್ದೀಯ. ಎಷ್ಟು ಜನ ಇದ್ದೀರಮ್ಮ ಈ ಕೋಣೇಲಿ?' ಅನ್ನುತ್ತಾರೆ.

ಪರ್ಸ್ಪೆಕ್ಟಿವ್ ಅಂದರೆ ಇಷ್ಟೇ ಅಂತೆ. ನೋಡುವವಳು ಒಂದು ಕಡೆ ನಿಲ್ಲಬೇಕು. ಅವಳ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ. ಅವಳಿಂದ ನೇರ ದೂರಕ್ಕೆ ಹೋಗುವ ನೆಲದ ಅಂಚು, ತೊಲೆ, ಗೋಡೆಯ ತುದಿ ಎಲ್ಲವೂ ಆ ಗೆರೆಯ ಮೇಲಿನ ಒಂದೇ ಚುಕ್ಕೆಗೆ ಹೋಗಿ ಸೇರಬೇಕು. ನಿಂತ ಜಾಗ ಬದಲಾದರೆ ಎಲ್ಲವೂ ಬದಲು.

ಹೋದ ವಾರ ಸರ್ ಹೇಳಿದರು: ನಿಮ್ಮ ನಡುಮನೆಯನ್ನು ಒಂಬತ್ತು ವರ್ಷದವಳಾಗಿ ಕಂಡ ಹಾಗೆ ಬರೆದುಕೊಂಡು ಬಾ, ಮೊದಲು ಅಳತೆ ತಗೋ. ಎಲ್ಲಿಂದ ನೋಡುತ್ತಿದ್ದೆ ಅಂದರು. ಉಯ್ಯಾಲೆ ಮೇಲಿಂದ ಅಂದೆ. 'ಮೊದಲು ಅದನ್ನ ನಿಲ್ಲಿಸು' ಅಂದರು.

ನಿಲ್ಲಿಸಿ, ಟೇಪು ಹಿಡಿದು ಅಳೆದೆ. ಉಯ್ಯಾಲೆಯಿಂದ ಕೋಣೆ ಬಾಗಿಲಿಗೆ ಒಂಬತ್ತಡಿ. ಬೀರು ಇರುವುದು ಕೋಣೆಯ ಒಳಗೆ, ಬಾಗಿಲ ಪಕ್ಕದ ಗೋಡೆಗೇ ಬೆನ್ನು ಕೊಟ್ಟು. ಉಯ್ಯಾಲೆಯಿಂದ ಅದರ ಹಿಡಿ ಇರಲಿ, ಒಂದು ಅಂಚೂ ಕಾಣುವುದಿಲ್ಲ. ಬಗ್ಗಿ ನೋಡಿದೆ, ಜೀಕಿ ನೋಡಿದೆ. ಕಾಣುವುದಿಲ್ಲ ಗಗನ.

ಆ ಬೀರುವಿನಲ್ಲಿಡುತ್ತಿದ್ದ ಅಮ್ಮನ ಎರಡೆಳೆ ಸರ ಕಳೆದ ದಿನ ನಾನು ಜಗಲಿ ಮೇಲೆ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, ಪುಟ್ಟಲಿಂಗಮ್ಮ ತೆಗೆದಳು, ಉಯ್ಯಾಲೆ ಮೇಲಿಂದ ನಾನು ನೋಡಿದೆ ಅಂದಿದ್ದೆ. ನೋಡಿರೋಕೆ ಸಾಧ್ಯವೇ ಇಲ್ಲ. ನಾನು ಬಂದು ನಿಮ್ಮಮ್ಮನ ಹತ್ತಿರ ಮಾತಾಡಬೇಕು. ಬರಲಾ? ಫೋನ್ ನಂಬರ್ ಕೆಳಗಿದೆ.

ಉತ್ತರಕ್ಕೆ ಕಾಯುತ್ತಾ ಅಂತ ಬರೆದರೆ ಸುಳ್ಳಾಗುತ್ತದೆ, ಕಾಯೋಕೆ ನನಗೆ ಬರುವುದಿಲ್ಲ.
ತನ್ಮಯಿ


ಕಡಕೊಳ
1 ಜುಲೈ 2024

ತನ್ಮಯಿ ಅವರಿಗೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ.

ನೀವು ಬರಬೇಡಿ. ಫೋನೂ ಬೇಡ. ನಿಮ್ಮ ಮನೆಯ ಬಾಯಿಮಾತು ಏನು ಮಾಡುತ್ತೆ ಅಂತ ನಾವು ಒಂದು ಸಲ ನೋಡಿ ಆಗಿದೆ. ಹೇಳುವುದಿದ್ದರೆ ಬರೆದು ಕಳಿಸಿ. ಬರೆದದ್ದು ಇದ್ದ ಹಾಗೇ ಇರುತ್ತೆ.

ಆಮೇಲೆ ಏನಾಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಬೀದಿಯಲ್ಲಿ ಅವ್ವ ಐದು ಮನೆಗೆ ಹೋಗುತ್ತಿದ್ದಳು. ಒಂದೇ ವಾರದಲ್ಲಿ ಐದೂ ಮನೆ ಬೇಡ ಅಂದವು. ಅಪ್ಪ ವಿದ್ಯಾರಣ್ಯಪುರಂನ ರೂಮು ಖಾಲಿ ಮಾಡಿ ನಮ್ಮನ್ನು ಊರಿಗೆ ಕರೆತಂದರು. ನಾಲ್ಕನೇ ಕ್ಲಾಸಿನ ಅರ್ಧದಲ್ಲಿ ನಾನು ಶಾಲೆ ಬದಲಾಯಿಸಿದೆ. ಸುದ್ದಿ ನಮಗಿಂತ ಮುಂಚೆ ಊರು ತಲುಪಿತ್ತು. ಅವ್ವ ಇಲ್ಲಿನ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದಾಳೆ. ಅಕ್ಕಿಬೇಳೆ ಇಡುವ ರೂಮಿನ ಬೀಗದ ಕೈ ಇವತ್ತಿಗೂ ಅವಳ ಕೈಗೆ ಕೊಟ್ಟಿಲ್ಲ. ನಿನ್ನೆ ಮೊನ್ನೆ ಸೇರಿದವಳ ಸೊಂಟದಲ್ಲಿ ಅದು ನೇತಾಡುತ್ತದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅವ್ವ ಹೆಗಲು ಮುಟ್ಟಿಕೊಳ್ಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಅದಕ್ಕೂ 'ಎಷ್ಟು ಕೊಬ್ಬು ನೋಡು' ಅಂದರು ನಿಮ್ಮ ಬೀದಿಯವರು.

ಚಿತ್ರ ಇದ್ದರೆ ಕಳಿಸಿ, ಅಳತೆಯ ನಕ್ಷೆ ಸಮೇತ. ನಾನು ಐ.ಟಿ.ಐ.ಯಲ್ಲಿ ನಕ್ಷೆ ಬರೆಯೋದು ಕಲಿತವಳು, ದಿನಾ ಬೇರೆಯವರ ಅಡುಗೆಮನೆ ಅಳೆಯುವವಳು. ಗೆರೆ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ.

ಗಗನ ಜೆ.


ಅಗ್ರಹಾರ
14 ಜುಲೈ 2024

ಗಗನ,

ನೀವು ಅಂತ ಬರೆದಿದ್ದೀಯ. ಬೇರೆ ಯಾರಿಗೋ ಬಂದ ಕಾಗದವನ್ನು ಕದ್ದು ಓದಿದ ಹಾಗಾಯಿತು. ಬೀಗದ ಕೈ ವಿಷಯ ಓದಿ ಎದ್ದು ಹೋಗಿ ಬೀದಿ ಮೂರು ಸುತ್ತು ಹಾಕಿದೆ. ನಿಮ್ಮಮ್ಮನ ಹೆಸರು ಕೆಡಿಸಿದ್ದು ನನ್ನ ಬಾಯಿ. ಅದನ್ನು ತೊಳೆಯುವವರೆಗೆ ನನಗೆ ಬೇರೆ ಏನೂ ಬೇಡ. ಕೆಲಸವೂ ಬೇಡ ಅಂತ ಬರೆಯಲು ಹೊರಟಿದ್ದೆ, ಅದು ನಿಜವಲ್ಲ, ಕೆಲಸ ಬೇಕು.

ಎರಡು ಹಾಳೆ ಇಟ್ಟಿದ್ದೇನೆ. ಒಂದು ಮೇಲಿಂದ ನೋಡಿದ ನಕ್ಷೆ, ಇನ್ನೊಂದು ಚಿತ್ರ. ಐದು ಸಲ ಬರೆದು ಹರಿದು ಆರನೆಯದು ಇದು. ಮೊದಲ ಸಲ ಈಗಿನ ನನ್ನ ಎತ್ತರಕ್ಕೇ ಕಣ್ಣಿನ ಗೆರೆ ಎಳೆದಿದ್ದೆ. 'ಒಂಬತ್ತು ವರ್ಷದ ಕೂಸು ಉಯ್ಯಾಲೆ ಮೇಲೆ ಕೂತರೆ ಕಣ್ಣು ನೆಲದಿಂದ ಮೂರೂವರೆ ಅಡಿ ಕೂಡ ಇರಲ್ಲ, ಇಳಿಸು' ಅಂದರು ಸರ್. ಇಳಿಸಿದ ಕೂಡಲೇ ಬಾಗಿಲು ಗೋಪುರದಷ್ಟು ಎತ್ತರ ಆಯಿತು. ಸಾಲುಕಂಬಗಳ ಅಂತರ ಕಣ್ಣಂದಾಜಿಗೆ ಸಿಗಲಿಲ್ಲ. ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ ಎಳೆದರೆ ಅವು ದಾಟುವಲ್ಲಿ ಗೋಡೆಯ ನಡು ಸಿಗುತ್ತದೆ. ಅದನ್ನು ಕಲಿಯೋಕೇ ಒಂದು ವಾರ ಹಿಡಿಯಿತು. ನಾನು ಗೊತ್ತಿರೋದನ್ನ ಬರೆಯುತ್ತೇನಂತೆ, ಕಾಣೋದನ್ನಲ್ಲ.

ನನಗೆ ನಿದ್ದೆ ಕೆಡಿಸುತ್ತಿರುವುದು ಒಂದೇ. ಚಿತ್ರದ ಪ್ರಕಾರ ಬೀರು ನನಗೆ ಕಾಣಿಸಿರಲಾರದು. ಆದರೆ ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ: ಹಸಿರು ಬಳೆಯ ಕೈ ಹಿಡಿಯನ್ನು ಕೆಳಕ್ಕೆ ಒತ್ತಿ ಬಾಗಿಲನ್ನು ತನ್ನ ಕಡೆಗೆ ಎಳೆಯುತ್ತದೆ. ಬಳೆ ಬೀರುವಿಗೆ ತಗುಲಿದ ಸದ್ದೂ ಕೇಳುತ್ತದೆ. ನೋಡದೆ ಇದ್ದದ್ದು ಇಷ್ಟು ಚೆನ್ನಾಗಿ ಹೇಗೆ ನೆನಪಿರುತ್ತೆ? ನಾನೇ ಕಟ್ಟಿಕೊಂಡದ್ದು ಅನ್ನದೆ ಬೇರೆ ದಾರಿ ಕಾಣುತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಾನು ಕಾಣದೇ ಪ್ರಮಾಣ ಮಾಡಿದವಳು.

ಅಪ್ಪನಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, 'ಮುಗಿದು ಹೋದದ್ದನ್ನ ಕೆದಕಬೇಡ' ಅಂದರು. ಅಮ್ಮ ಕುಕ್ಕರಿನ ಹತ್ತಿರ ಹೋಗಿ ನಿಂತರು. ವಿಷಲ್ ಆಗಿರಲೇ ಇಲ್ಲ.

ಸುಳ್ಳಿ ಅಂತ ನೀನು ಕರೆದರೆ ಬೇಡ ಅನ್ನದ,
ತನ್ಮಯಿ


ಕಡಕೊಳ
4 ಆಗಸ್ಟ್ 2024

ತನ್ಮಯಿ,

ನೀವು ಅಂತ ಬರೆದದ್ದಕ್ಕೆ ಅವ್ವ ನನ್ನನ್ನು ಬೈದಳು. 'ಜೊತೇಲಿ ಆಡ್ದೋಳ್ಗೆ ನೀವು ಅಂತೀಯಲ್ಲ, ಎಷ್ಟ್ ದೊಡ್ಡೋಳಾಗ್ಬುಟ್ಟೆ' ಅಂದಳು. ಆದ್ದರಿಂದ ನೀನು. ಇದನ್ನು ಸ್ನೇಹ ಅಂದುಕೊಂಡು ಕುಣಿಯಬೇಡ.

ಮೊದಲು ಚಿತ್ರದ ಮಾತು. ನಕ್ಷೆಯಲ್ಲಿ ಬಾಗಿಲ ಎತ್ತರ ಆರೂಕಾಲು ಅಡಿ ಅಂತ ಬರೆದಿದ್ದೀಯ, ಚಿತ್ರದಲ್ಲಿ ಅದು ಎಂಟು ದಾಟಿದೆ. ಕಣ್ಣಿನ ಗೆರೆ ಇಳಿಸಿದರೆ ಬಾಗಿಲು ಎತ್ತರವಾಗಿ ಕಾಣುತ್ತೆ, ನಿಜ. ಆದರೆ ಪಕ್ಕದ ಕಂಬ ಅಷ್ಟೇ ಇದೆಯಲ್ಲ? ಅದು ನಿನ್ನ ಭಯದ ಅಳತೆ, ಬಾಗಿಲದ್ದಲ್ಲ. ಮಿಕ್ಕಿದ್ದು ಪರವಾಗಿಲ್ಲ.

ನಿನ್ನ ಕಾಗದವನ್ನು ಇಷ್ಟು ದಿನ ಅವ್ವನಿಗೆ ಓದಿ ಹೇಳಿರಲಿಲ್ಲ. ಹೋದ ಭಾನುವಾರ ಅವಳು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಓದಿದೆ. ಪೂರ್ತಿ ಕೇಳಿದಳು. ಚಿತ್ರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಅಳುತ್ತಾಳೆ ಅಂದುಕೊಂಡೆ. ನಕ್ಕಳು ಕಣೇ.

'ಅಯ್ಯೋ ಬುಡು ಮಗ, ಬೀರು ಎಲ್ಲಿತ್ತು ಅಲ್ಲಿ? ದಸ್ರಾ ಅಲ್ವಾ ಆವಾಗ! ಆ ಗ್ವಾಡೆಗೆ ಗೊಂಬೆ ಮೆಟ್ಲು ಕಟ್ಬೇಕು ಅಂತ ನಾನೂ ಶಿವರಾಮುನೂವೆ ಬೀರು ಎತ್ತಿ ಎದುರ್ಗಡೆ ಗ್ವಾಡೆಗೆ ನಿಲ್ಸಿದ್ದೋ. ಬಾಗ್ಲಿಗೆ ನ್ಯಾರ. ನನ್ ಕಾಲ್ ಮ್ಯಾಲೆ ಕೂತ್ಕತ್ತಲ್ಲ ಬೀರು, ನೋಡು' ಅಂತ ಕಾಲು ಚಾಚಿದಳು. ಹೆಬ್ಬೆರಳ ಉಗುರು ವಕ್ರವಾಗಿದೆ. ಅದು ಹುಟ್ಟಿನಿಂದ ಬಂದದ್ದು ಅಂತ ನಾನು ಅಂದುಕೊಂಡಿದ್ದೆ. ಶಿವರಾಮು ಅಂದರೆ ಆಗ ನಿಮ್ಮ ಮನೆಗೆ ಹಾಲು ಹಾಕುತ್ತಿದ್ದವನಂತೆ.

ಬೀರು ಬಾಗಿಲು ಅವಳು ತೆಗೆದದ್ದು ನಿಜ. ನಿಮ್ಮ ಅಜ್ಜಿ ಮೆಟ್ಟಿಲಿಗೆ ಹಾಸೋಕೆ ಬಿಳಿ ಪಂಚೆ ಕೊಡು ಅಂದರಂತೆ. ಕೊಟ್ಟಳು, ಮುಚ್ಚಿದಳು, ಪಾತ್ರೆ ತೊಳೆಯೋಕೆ ಹೋದಳು. 'ಕೂಸು ಉಯ್ಯಾಲೆ ಮ್ಯಾಲೆ ಕೂತ್ಕಂಡು ನೋಡ್ತಾನೇ ಇತ್ತು' ಅಂದಳು. ಸರ ಕಳೆದ ದಿನವೂ ಇದನ್ನೇ ಹೇಳಿದಳಂತೆ. ಅಜ್ಜಿಗೆ ಆಗಲೇ ಮರೆವು, ಹೇಳಿಲ್ಲ ಅಂದುಬಿಟ್ಟರು.

ನೀನು ಇವತ್ತಿನ ಕೋಣೆಯನ್ನು ಅಳೆದಿದ್ದೀಯ. ಅವತ್ತಿನದನ್ನು ಬರಿ.

ಗಗನ


ಅಗ್ರಹಾರ
11 ಆಗಸ್ಟ್ 2024

ಗಗನ,

ನಿನ್ನ ಕಾಗದ ಓದಿ ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಬರೆದೆ. ಬೀರು ಎದುರು ಗೋಡೆಗೆ, ಈ ಗೋಡೆಗೆ ಏಳು ಮೆಟ್ಟಿಲು, ಮೇಲೆ ಬಿಳಿ ಪಂಚೆ. ಉಯ್ಯಾಲೆಯಿಂದ ಬಾಗಿಲ ಚೌಕಟ್ಟಿನೊಳಗೆ ಬೀರು ಹಿಡಿಯ ಸಮೇತ ಕೂರುತ್ತದೆ. ಹಸಿರು ಬಳೆಯ ಕೈಗೂ ಅಲ್ಲಿ ಜಾಗವಿದೆ. ನಾನು ಕಟ್ಟಿದ್ದಲ್ಲ, ನಾನು ನೋಡಿದ್ದೆ.

ಸುಳ್ಳು ಹೇಳಿರಲಿಲ್ಲ ಅಂತ ಒಂದು ಗಳಿಗೆ ಜೀವ ಹಗುರವಾಯಿತು. ಮರುಗಳಿಗೆಯೇ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡೆ. ನಾನು ನೋಡಿದ್ದು ಬೀರು ಬಾಗಿಲನ್ನು. ನಿಮ್ಮಮ್ಮ ಕಳ್ಳಿಯಾದದ್ದು ಸರಕ್ಕೆ. ನಡುವೆ ಏನಾಯಿತು?

ಅವತ್ತು ಆಟದ ನಡುವಿನಿಂದ ಅಮ್ಮ ನನ್ನನ್ನು ಜಗಲಿಗೆ ಎಳೆದು ತಂದರು. ಹೆಂಗಸರೆಲ್ಲ ನಿಂತಿದ್ದರು. ಅಮ್ಮ ಕೇಳಿದ್ದು ಅಕ್ಷರ ಅಕ್ಷರ ನೆನಪಿದೆ: 'ಬೀರುವಿನಿಂದ ಯಾರೇ ತೆಗೆದಿದ್ದು? ನೀನು ನೋಡಿದ್ಯಾ?' ನನ್ನ ಕಿವಿಗೆ ಬಿದ್ದದ್ದು ಬೀರು, ತೆಗೆ. ಹೂಂ, ಪುಟ್ಟಲಿಂಗಮ್ಮ ತೆಗೆದ್ಲು ಅಂದೆ. ಬಾಗಿಲು ತೆಗಿ, ಕಿಟಕಿ ತೆಗಿ, ಬೀರು ತೆಗಿ ಅಂತ ನಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ ಅನ್ನುತ್ತೇವಲ್ಲ, ಆ ತೆಗೆಯುವುದು ಅದು. ಅವರ ಕಿವಿಯಲ್ಲಿ ಅದೇ ಮಾತು ಸರ ತೆಗೆದದ್ದಾಯಿತು. ಸರ ಅಂತ ನಾನು ಹೇಳಲೇ ಇಲ್ಲ. ತಗೊಂಡಳು ಅಂತಲೂ ಹೇಳಲಿಲ್ಲ. ತೆಗೆದಳು ಅಂದೆ ಗಗನ. ಒಂದು ಮಾತಿಗೆ ಎರಡು ಅರ್ಥ ಇದ್ದದ್ದಕ್ಕೆ ನೀವು ಊರು ಬಿಟ್ಟಿರಿ.

ಇದನ್ನು ನಿಮ್ಮಮ್ಮನಿಗೆ ಈಗಲೇ ಓದಿ ಹೇಳು. ಇನ್ನೊಂದು ವಿಷಯ ತಲೆ ಕೊರೆಯುತ್ತಿದೆ. ಮಾರನೇ ವರ್ಷದಿಂದ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದನ್ನೇ ನಿಲ್ಲಿಸಿದರು. ಸಾವಿಲ್ಲ, ಸೂತಕವಿಲ್ಲ. ಮಂಡಿನೋವು ಅಂತ ಅಮ್ಮ ಗೊಂಬೆಗಳನ್ನೆಲ್ಲ ಚಿಕ್ಕಮ್ಮನಿಗೆ ಕೊಟ್ಟರು. ಅದಕ್ಕೇ ಬೀರು ಸರಿಸುತ್ತಿದ್ದದ್ದು ನನಗೆ ಮರೆತೇ ಹೋಗಿತ್ತು. ಅಮ್ಮನ ಮಂಡಿ ಇವತ್ತಿಗೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತದೆ.

ಅವಸರದಲ್ಲಿ,
ತನ್ಮಯಿ


ಕಡಕೊಳ
25 ಆಗಸ್ಟ್ 2024

ತನ್ಮಯಿ,

ಓದಿದೆ. ಅವ್ವ ಅಂದಳು: 'ನಾನ್ ಕೇಳಿದ್ನಲ್ಲ ಆವತ್ತೇ. ಏನ್ ತೆಗೆದೆ ಹೇಳು ಕೂಸೇ ಅಂತ. ಕೂಸು ಬಾಯಿ ಬುಡೋದ್ರೊಳ್ಗೆ ಒಳಕ್ಕೆ ಎಳ್ಕಂಡ್ ಹೋಗ್ಬುಟ್ರು.'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ಮಗುವಿನ ಮಾತನ್ನು ದೊಡ್ಡವರು ತಪ್ಪಾಗಿ ತಿಳಿದ ಕಥೆಯಾದರೆ ನನಗೆ ನಿನ್ನ ಮೇಲೆ ಕೋಪವಿಲ್ಲ. ಆದರೆ ಚೌಕಾಬಾರದಲ್ಲಿ ನೀನು ಕಾಯಿ ಕದ್ದು ಸರಿಸಿದಾಗ ನಿನ್ನ ಮುಖ ಹೇಗಾಗುತ್ತಿತ್ತು ಅಂತ ನನಗೆ ಗೊತ್ತು. ನಿನ್ನ ಹೋದ ಕಾಗದಕ್ಕೆ ಆ ಮುಖ ಇದೆ. ಒಂದು ಪ್ರಶ್ನೆ ಕೇಳುತ್ತೇನೆ, ಬರೆದೇ ಉತ್ತರ ಕೊಡು. ಅವರು ತಪ್ಪಾಗಿ ತಿಳಿದರು ಅಂತ ನಿನಗೆ ಅರ್ಥವಾದದ್ದು ಯಾವಾಗ? ಈ ಆಗಸ್ಟಿನಲ್ಲೇ?

ಅವ್ವನಿಗೆ ಬೇಕಾದದ್ದು ಕಾಗದವಲ್ಲ. ಎಲ್ಲಿ ನಿಂತು ಹೇಳಿದೆಯೋ ಅಲ್ಲೇ ನಿಂತು ಹೇಳಬೇಕು. ಅದೇ ಜಗಲಿ, ಬೀದಿಯ ಹೆಂಗಸರು ಇರುವ ಹೊತ್ತು. ಸುಮ್ಮನೆ ಕಿವಿಯಲ್ಲಿ ಹೇಳಿದರೆ ಆಗುವುದಿಲ್ಲ.

ಗಗನ


ಅಗ್ರಹಾರ
22 ಸೆಪ್ಟೆಂಬರ್ 2024

ಗಗನ,

ತಿಂಗಳಾಯಿತು. ಬರೆಯಲು ಕೂರುವುದು, ಏಳುವುದು. ಸ್ಟುಡಿಯೋದಲ್ಲಿ ಗೊಂಬೆ ಮೆಟ್ಟಿಲಿನ ಚಿತ್ರ ನೋಡಿ ಸರ್ ನನ್ನನ್ನು ಪಾಸು ಮಾಡಿದರು. 'ಈಗ ಕೋಣೇಲಿ ಒಬ್ಬಳೇ ಇದ್ದೀಯ' ಅಂದರು. ಯಾರಿಗೂ ಸಿಹಿ ಹಂಚಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಎರಡನೇ ದಿನ. ಪುಟ್ಟಲಿಂಗಮ್ಮ ಯಾಕೆ ಬರಲಿಲ್ಲ ಅಂತ ಕೇಳಿದೆ. 'ಸರ ಕದ್ದವಳನ್ನ ಇಟ್ಕೋತಾರಾ? ನೀನೇ ತಾನೇ ಹೇಳಿದ್ದು, ಜಾಣೆ' ಅಂದರು ಅಮ್ಮ. ಆಗಲೇ ಅರ್ಥವಾಯಿತು. ಆದರೆ ಅಷ್ಟರಲ್ಲಿ ಅಪ್ಪ ನನಗೆ ಇಪ್ಪತ್ತನಾಲ್ಕು ಬಣ್ಣದ ಪೆನ್ಸಿಲ್ ಪೆಟ್ಟಿಗೆ ತಂದುಕೊಟ್ಟಿದ್ದರು. ಕಳ್ಳಿಯನ್ನು ಹಿಡಿದುಕೊಟ್ಟದ್ದಕ್ಕೆ. ನಿಜ ಹೇಳಿದರೆ ಪೆಟ್ಟಿಗೆ ವಾಪಸು ಕೊಡಬೇಕಾಗುತ್ತೆ ಅಂತ ಹೆದರಿದೆ. ಅಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ. ಅದೇ ಪೆಟ್ಟಿಗೆಯಿಂದ ನಾನು ಚಿತ್ರ ಬರೆಯೋಕೆ ಶುರು ಮಾಡಿದ್ದು. ಆಮೇಲೆ ನನಗೆ ನಾನೇ ನೋಡಿದೆ, ನೋಡಿದೆ ಅಂತ ಹೇಳಿಕೊಂಡು ಬೆಳೆದೆ. ನನಗೆ ನಾಚಿಕೆಯಾಗುತ್ತಿದೆ ಗಗನ.

ಇನ್ನು ಇದಕ್ಕಿಂತ ಕೆಟ್ಟದ್ದು. ಹೊಸ ಚಿತ್ರವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಅಮ್ಮನ ಮುಂದೆ ಇಟ್ಟೆ. ಅಮ್ಮ ಸೊಪ್ಪು ಸೋಸುತ್ತಿದ್ದರು. ಮೇಲಿನ ಮೆಟ್ಟಿಲ ಪಟ್ಟದ ಗೊಂಬೆಗಳನ್ನೇ ನೋಡುತ್ತಾ, 'ರಾಣಿಗೆ ಕೆಂಪು ಸೀರೆ ಉಡಿಸಿದ್ದೆ, ಹಸಿರಲ್ಲ' ಅಂದರು. ಎದ್ದು ಹೋಗಿ ದೇವರಮನೆಯ ಅರಿಶಿನದ ಡಬ್ಬದೊಳಗಿಂದ ಒಂದು ಬಟ್ಟೆ ಗಂಟು ತಂದರು. ಬಿಚ್ಚಿದರೆ ಎರಡೆಳೆ ಸರ.

'ಗೊಂಬೆ ಕೊರಳಲ್ಲಿತ್ತು ಕಣೇ. ನಾನೇ ಹಾಕಿ, ಮೇಲೆ ಸೆರಗು ಹೊದಿಸಿ, ಮರೆತು, ಹಾಗೇ ಸುತ್ತಿ ಪೆಟ್ಟಿಗೆಗೆ ಇಟ್ಟಿದ್ದೆ. ಮಾರನೇ ವರ್ಷ ಬಿಚ್ಚಿದಾಗ ಸಿಕ್ಕಿತು.'

ಮಾರನೇ ವರ್ಷ. ಹದಿನೇಳು ವರ್ಷದಿಂದ ಅದು ಅರಿಶಿನದಲ್ಲಿದೆ, ಅಮ್ಮ ಒಂದು ದಿನವೂ ಹಾಕಿಕೊಂಡಿಲ್ಲ. ಯಾಕೆ ಹೇಳಲಿಲ್ಲ ಅಂತ ಕೂಗಿದೆ. ಅಪ್ಪ ಬಾಗಿಲಲ್ಲಿ ನಿಂತು, 'ಅಷ್ಟರಲ್ಲಿ ಅವರು ಊರು ಬಿಟ್ಟಾಗಿತ್ತು. ಬೀದಿಯಲ್ಲಿ ನಿಂತು ಮರ್ಯಾದೆ ಕಳ್ಕೋಬೇಕಿತ್ತಾ?' ಅಂದರು. ಯಾರ ಮರ್ಯಾದೆ ಅಪ್ಪ ಅಂದೆ.

ಅಮ್ಮ ಸರವನ್ನು ನಿಮ್ಮಮ್ಮನಿಗೇ ಕೊಡಬೇಕು ಅನ್ನುತ್ತಿದ್ದಾರೆ. ನಾನು ಜಗಲಿ ಮೇಲೆ ನಿಂತು ಹೇಳುತ್ತೇನೆ. ಅಮ್ಮ ಹೊರಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ದಿನ ನೀವು ಹೇಳಿ.

ತಪ್ಪು ಮುಚ್ಚಿಟ್ಟ,
ತನ್ಮಯಿ


ಕಡಕೊಳ
29 ಸೆಪ್ಟೆಂಬರ್ 2024

ತನ್ಮಯಿ,

ಎರಡು ದಿನ ನಿನ್ನ ಕಾಗದ ಮುಟ್ಟಲಿಲ್ಲ ನಾನು. ನೀನು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಬಣ್ಣದ ಪೆನ್ಸಿಲ್ಲು! ಆ ವರ್ಷ ಹೊಸ ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಅವ್ವ ಮಾತ್ರ ಪೆನ್ಸಿಲ್ಲಿನ ಮಾತಿಗೆ, 'ಮಕ್ಳು ಅಲ್ವಾ' ಅಂದಳು. ಸರದ ಮಾತಿಗೆ ಎದ್ದು ನಿಂತಳು. 'ಅದ ನಂಗ್ ಕೊಡ್ತಾರಂತಾ? ಆವತ್ತು ತಗಳ್ದೇ ಇದ್ದೋಳು ಇವತ್ತು ತಗಂಡ್ರೆ, ಆವತ್ತೂ ತಗಂಡಿದ್ಲು ಅಂತ್ಲೇ ಆಯ್ತದೆ. ಅವ್ರೇ ಮಡೀಕಳ್ಳಿ. ನನ್ ಹೆಸ್ರು ಕೊಡಕ್ಕೇಳು, ಸಾಕು.'

ಮುಂದಿನ ಭಾನುವಾರ ಸಂಜೆ ಐದಕ್ಕೆ ಬರುತ್ತೇವೆ. ನವರಾತ್ರಿ, ಅರಿಶಿನ ಕುಂಕುಮಕ್ಕೆ ಹೆಂಗಸರು ಓಡಾಡುವ ಹೊತ್ತು. ಸರ ಎದುರಿಗೆ ತರಬೇಡಿ.

ಗಗನ


ಕಡಕೊಳ
14 ಅಕ್ಟೋಬರ್ 2024

ತನ್ಮಯಿ,

ಬಂದು ಹೋಗಿ ವಾರ ದಾಟಿತು. ಅವತ್ತು ಕೊಟ್ಟ ನಂಬರಿಗೆ ನೀನು ಎರಡು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೋಪದಿಂದಲ್ಲ. ಇದನ್ನು ಬರೆದೇ ಹೇಳಬೇಕಿತ್ತು.

ನೀನು ಜಗಲಿಯ ಮೇಲೆ ನಿಂತು ಉಯ್ಯಾಲೆ, ಕಣ್ಣಿನ ಮಟ್ಟ, ಓರೆಗೆರೆ ಅಂತ ಶುರು ಮಾಡಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದ ಮನೆಯ ಹೊಸ ಬಾಡಿಗೆಯವರು ಇದೇನೋ ಸೇಲ್ಸಿನವರು ಅಂದುಕೊಂಡು ಬಾಗಿಲು ಹಾಕಿಕೊಳ್ಳೋಕೆ ಹೋದರು. ಅವತ್ತಿನ ಹೆಂಗಸರಲ್ಲಿ ಉಳಿದವರು ಇಬ್ಬರೇ. ಅವರಲ್ಲಿ ಒಬ್ಬರು, 'ಹಳೇದೆಲ್ಲ ಯಾಕಮ್ಮ ಈಗ, ಹಬ್ಬದ ದಿನ' ಅಂದರು. ನೀನು ತಡವರಿಸಿದೆ. ಅಲ್ಲಿಗೆ ಮುಗಿಯಿತು, ಅವ್ವನನ್ನು ಕರೆದುಕೊಂಡು ಹೋಗಿಬಿಡೋಣ ಅಂದುಕೊಂಡೆ. ಆಮೇಲೆ ನೀನು ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. 'ಪುಟ್ಟಲಿಂಗಮ್ಮ ತೆಗೆದದ್ದು ಬೀರು ಬಾಗಿಲು. ಸರ ಅಲ್ಲ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ.' ಮೂರು ವಾಕ್ಯ. ಮೊದಲೇ ಇಷ್ಟೇ ಹೇಳಿದ್ದರೆ ಆಗುತ್ತಿತ್ತು.

ನಿಮ್ಮಪ್ಪ ಕಿಟಕಿಯ ಪರದೆ ಎಳೆದರು. ನಾನು ನಿಂತಿದ್ದ ಬೀದಿ ಕಡೆಯಿಂದ ಅದು ಕಾಣಿಸಿತು. ಆದರೆ ನಿಮ್ಮಮ್ಮ ಬಂದರು. ಹೊಸ್ತಿಲು ದಾಟೋಕೆ ಅವರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ನಿನಗೆ ಗೊತ್ತಿಲ್ಲ, ನೀನು ಬೆನ್ನು ಹಾಕಿ ನಿಂತಿದ್ದೆ. ಎರಡು ಸಲ ಹಿಂದಕ್ಕೆ ಹೋದರು. ಬಂದು, 'ಸರ ನಮ್ಮನೇಲೇ ಇತ್ತು. ಇವರು ತಗೊಂಡಿರಲಿಲ್ಲ. ಹದಿನೇಳು ವರ್ಷದಿಂದ ನನಗೆ ಗೊತ್ತು' ಅಂದರು. ಅವ್ವನನ್ನು 'ಇವರು' ಅಂದ ಮೊದಲ ಸಲ ಅದು. ಹಬ್ಬದ ದಿನ ಅಂದಿದ್ದ ಹೆಂಗಸು ತಟ್ಟೆಯ ಕುಂಕುಮ ನೋಡುತ್ತಾ ನಿಂತುಬಿಟ್ಟರು.

ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತಳು. ಮಾರನೇ ದಿನ ಶಾಲೆಯ ಹೆಡ್‌ಮಾಸ್ಟರ ಹತ್ತಿರ ತಾನೇ ಹೋಗಿ, ಸ್ಟೋರ್ ರೂಮಿನ ಬೀಗದ ಕೈ ನನಗೂ ಒಂದು ಮಾಡಿಸಿಕೊಡಿ ಅಂದಳಂತೆ. ರಜೆ ಮುಗಿಯಲಿ ನೋಡೋಣ ಅಂದಿದ್ದಾರೆ. ಕೊಡುತ್ತಾರೋ ಇಲ್ಲವೋ, ಇಷ್ಟು ವರ್ಷದಲ್ಲಿ ಕೇಳಿದ್ದು ಇದೇ ಮೊದಲು.

ಅವ್ವ ಮನಸ್ಸು ಹಗುರ ಮಾಡಿಕೊಂಡು ಹೋದಳು ಅಂತ ನೀನು ಅಂದುಕೊಂಡಿರುತ್ತೀಯ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ನಿಮ್ಮಮ್ಮ ಒಳಗೆ ಕರೆದರು, ಅವ್ವ ಹೋದಳು, ಕುರ್ಚಿಯ ಮೇಲೆ ಕೂತಳು, ಕಾಫಿ ಕುಡಿದಳು. ಸಕ್ಕರೆ ಜಾಸ್ತಿ ಅಂದಳು. ನಿಮ್ಮಮ್ಮ ನಕ್ಕರು. ಎಲ್ಲಾ ಚೆನ್ನಾಗಿತ್ತು.

ಆಮೇಲೆ ಹೊರಟೆವು. ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಸರ ಕಳೆದ ದಿನದಿಂದ ಇವತ್ತಿನವರೆಗೂ ಅವ್ವ ಯಾರ ಮನೆಗೆ ಹೋಗಲಿ, ಮದುವೆಮನೆಯಾಗಲಿ, ನನ್ನ ಸೋದರತ್ತೆಯ ಮನೆಯೇ ಆಗಲಿ, ಹೊರಡುವಾಗ ಹೊಸ್ತಿಲ ಮೇಲೆ ನಿಂತು ಸೆರಗು ಬಿಚ್ಚಿ ಎರಡು ಸಲ ಕೊಡವಿ, ಮತ್ತೆ ಹೊದ್ದುಕೊಂಡು ಬರುತ್ತಾಳೆ. ನೋಡಿ, ಏನೂ ಇಲ್ಲ ಅಂತ. ಬಾಯಲ್ಲಿ ಹೇಳುವುದಿಲ್ಲ. ಕೈ ತಾನೇ ಮಾಡುತ್ತದೆ, ಅವಳಿಗೆ ಅದು ಗೊತ್ತೂ ಇಲ್ಲ.

ಅವತ್ತು ನಿಮ್ಮ ಮನೆಯ ಹೊಸ್ತಿಲ ಮೇಲೂ ಕೊಡವಿದಳು.

ನೀನು ಒಳಗೆ ಕಾಫಿ ಲೋಟ ಎತ್ತುತ್ತಿದ್ದೆ. ನಿಂತಿದ್ದ ಜಾಗದಿಂದ ಅದು ನಿನಗೆ ಕಾಣಿಸಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಗನ